ಆರು ಸೈಕಲ್, ಮೂರು ಡೇರೆ: ಕಾರವಾರದಿಂದ ಮಂಗಳೂರಿಗೆ ಹೊರಡುವ ಮುನ್ನ

ನಮ್ಮ ಮೊದಲ ತಂಡಯಾತ್ರೆಯ ಮೊದಲ ಸಂಜೆ ಚೀಲಗಳನ್ನು ಬಿಚ್ಚಿದಾಗ ಆರು ಜನರ ನಡುವೆ ಆರು ಗಾಳಿ ಪಂಪು, ನಾಲ್ಕು ಟೂತ್‌ಪೇಸ್ಟ್, ಮೂರು ಕಿಲೋ ಚಕ್ಕುಲಿ ಹೊರಬಂದವು. ಚಾಕು ಒಂದೂ ಇರಲಿಲ್ಲ. ದಾರಿಯಲ್ಲಿ ಕೊಂಡು ತಂದಿದ್ದ ಕಲ್ಲಂಗಡಿಯನ್ನು ಬಂಡೆಗೆ ಕುಟ್ಟಿ ಒಡೆದು ತಿಂದೆವು. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಅಚ್ಚುಕಟ್ಟಾಗಿಯೇ ಸಿದ್ಧರಾಗಿದ್ದರು, ತಂಡ ಮಾತ್ರ ಸಿದ್ಧವಾಗಿರಲಿಲ್ಲ. ಹಿಂದೆ ಸಾಮಾನು ಹೊರುವ ವ್ಯಾನು ಇಲ್ಲದೆ, ಹೊದಿಕೆಯಿಂದ ಹಿಡಿದು ಪಂಕ್ಚರ್ ಸಾಮಾನಿನವರೆಗೆ ಎಲ್ಲವನ್ನೂ ಸೈಕಲ್ ಮೇಲೆಯೇ ಹೊತ್ತು ನಾಲ್ಕೈದು ದಿನ ಹೋಗಬೇಕೆಂದರೆ ಈ ವ್ಯತ್ಯಾಸ ಮೊದಲು ತಲೆಗೆ ಹತ್ತಬೇಕು. ಬೆನ್ನ ಹಿಂದೆ ವ್ಯಾನು ಇದ್ದರೆ ಮರೆತದ್ದನ್ನು ವ್ಯಾನು ತುಂಬಿಕೊಡುತ್ತದೆ. ಇಲ್ಲಿ ಪಕ್ಕದ ಸೈಕಲ್ಲಿನವನೇ ತುಂಬಿಕೊಡಬೇಕು.

ಉದಾಹರಣೆಗೆ ಕಾರವಾರದಿಂದ ಮಂಗಳೂರಿನ ಕರಾವಳಿ ದಾರಿಯನ್ನು ತೆಗೆದುಕೊಂಡಿದ್ದೇನೆ. ಮೊದಲ ಸಲ ಹೋಗುವ ತಂಡಕ್ಕೆ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂಬುದು ನನ್ನ ಅಭಿಪ್ರಾಯ. ಘಟ್ಟ ಹತ್ತಬೇಕಿಲ್ಲ, ಹತ್ತಿಪ್ಪತ್ತು ಕಿಲೋಮೀಟರಿಗೊಂದು ಊರು ಸಿಗುತ್ತದೆ, ಎರಡೂ ತುದಿಯಲ್ಲಿ ರೈಲು ನಿಲ್ದಾಣವಿದೆ.

ದಾರಿ, ದಿಕ್ಕು, ತಿಂಗಳು

ಡಿಸೆಂಬರ್ ಅಥವಾ ಜನವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಬೀಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳನ್ನು ಬಲಿ ಪಡೆದದ್ದು ನೀವು ಸಾಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಮಳೆಯ ಭಯ ಕಡಿಮೆಯಾದರೂ ಸೆಕೆಗೆ ಡೇರೆಯೊಳಗೆ ನಿದ್ದೆ ಬರುವುದಿಲ್ಲ.

ದಿಕ್ಕು ಉತ್ತರದಿಂದ ದಕ್ಷಿಣಕ್ಕೆ. ಚಳಿಗಾಲದ ಮಧ್ಯಾಹ್ನಗಳಲ್ಲಿ ಕಡಲಿನಿಂದ ಏಳುವ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದ ಕಡೆಯಿಂದ ಬೀಸುತ್ತದೆ. ಕಾಲು ಸೋತ ಹೊತ್ತಿನಲ್ಲಿ ಅದು ಬೆನ್ನಿಗಿದ್ದರೆ ಒಳ್ಳೆಯದು. ಎಡಬದಿಯಲ್ಲಿ ಸಾಗುವ ನಮಗೆ ಆಗ ಕಡಲು ರಸ್ತೆಯಾಚೆಗೆ ಹೋಗುತ್ತದೆ, ಚಿತ್ರ ತೆಗೆಯುವವರು ಗೊಣಗುತ್ತಾರೆ. ಗೊಣಗಲಿ.

ಹೆದ್ದಾರಿಯಲ್ಲೇ ಹೋದರೆ ಸುಮಾರು 270 ಕಿಲೋಮೀಟರ್, ಒಳದಾರಿಗಳನ್ನು ಸೇರಿಸಿದರೆ 300ರ ಆಸುಪಾಸು. ಐದು ದಿನ, ನಾಲ್ಕು ರಾತ್ರಿಗೆ ಹೀಗೆ ಹಂಚಬಹುದು. ಮೊದಲ ದಿನ ಕಾರವಾರದಿಂದ ಅಂಕೋಲಾ ಮೇಲೆ ಗೋಕರ್ಣಕ್ಕೆ ಸುಮಾರು 60 ಕಿಲೋಮೀಟರ್. ಎರಡನೆಯ ದಿನ ತದಡಿಯಲ್ಲಿ ತಾರಿಯಲ್ಲಿ (ಹೊಳೆ ದಾಟಿಸುವ ದೋಣಿ) ದಾಟಿ ಅಘನಾಶಿನಿ, ಕುಮಟಾ, ಹೊನ್ನಾವರ, ಕಾಸರಕೋಡು, ಸುಮಾರು 45. ಮೂರನೆಯ ದಿನ ಮುರ್ಡೇಶ್ವರ, ಭಟ್ಕಳ, ಬೈಂದೂರು ದಾಟಿ ಮರವಂತೆಗೆ 75ರಷ್ಟು. ಅಂದೇ ಯಾತ್ರೆಯ ಕಷ್ಟದ ದಿನ, ಅದಕ್ಕೆಂದೇ ಹಿಂದಿನ ದಿನವನ್ನು ಚಿಕ್ಕದು ಮಾಡಿದ್ದು. ನಾಲ್ಕನೆಯ ದಿನ ಕುಂದಾಪುರದ ಮೇಲೆ ಮಲ್ಪೆಯ ಕಡೆಗೆ, ಐದನೆಯ ದಿನ ಪಡುಕೆರೆ, ಮಟ್ಟು, ಕಾಪುವಿನ ಕಡಲಂಚಿನ ರಸ್ತೆ ಹಿಡಿದು ಮಂಗಳೂರಿಗೆ, ತಲಾ 60.

ಒಬ್ಬಂಟಿ ಸವಾರ ಗಂಟೆಗೆ 20 ಕಿಲೋಮೀಟರ್ ಹೋಗುತ್ತಾನೆಂದು ತಂಡದ ಲೆಕ್ಕ ಹಾಕಬೇಡಿ. ಸಾಮಾನು ಹೊತ್ತ ಆರು ಜನ ಚಹಾ, ಪಂಕ್ಚರ್, ಎಳನೀರು ಎಲ್ಲವೂ ಸೇರಿ ಗಂಟೆಗೆ 10 ಕಿಲೋಮೀಟರ್ ಸಾಗಿದರೆ ಹೆಚ್ಚು. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದೂವರೆಯೊಳಗೆ ಮುಕ್ಕಾಲು ದಾರಿ ಮುಗಿಸಿ, ಬಿಸಿಲಿಳಿದ ಮೇಲೆ ಉಳಿದದ್ದನ್ನು ಮುಗಿಸಬೇಕು. ಕತ್ತಲಾದ ಮೇಲೆ ಆ ಹೆದ್ದಾರಿಯಲ್ಲಿ ಸೈಕಲ್ ಓಡಿಸುವ ಮಾತೇ ಬೇಡ. ಸಂಜೆ ನಾಲ್ಕೂವರೆಗೆ ಠಾವು ಸೇರಬೇಕೆಂದು ಯೋಜಿಸಿದರೆ ಐದೂವರೆಗೆ ಸೇರುತ್ತೀರಿ.

ಮೊದಲು ಮಾತು, ಆಮೇಲೆ ಖರೀದಿ

ನಾಲ್ಕರಿಂದ ಎಂಟು ಜನ ಸರಿ. ಎಂಟು ದಾಟಿದರೆ ಹೋಟೆಲಿನಲ್ಲಿ ಒಟ್ಟಿಗೆ ಕೂರಲು ಜಾಗ ಸಿಗುವುದಿಲ್ಲ, ರಾತ್ರಿ ತಂಗಲು ಅನುಮತಿ ಕೇಳಿದರೆ ಊರವರು ಹಿಂಜರಿಯುತ್ತಾರೆ.

ಎರಡು ತಿಂಗಳ ಮುಂಚೆ ಎಲ್ಲರೂ ಒಮ್ಮೆ ಎದುರುಬದುರು ಕೂರಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಎಲ್ಲದಕ್ಕೂ ಹೆಬ್ಬೆರಳು ಎತ್ತುತ್ತಾರೆ, ಅದು ಒಪ್ಪಿಗೆಯಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಮುಜುಗರದವು. ಯಾರಿಗೆ ಮೊಣಕಾಲು ನೋವು? ಯಾರಿಗೆ ಮಾತ್ರೆ ತಪ್ಪಿಸುವಂತಿಲ್ಲ? ಗೊರಕೆ ಹೊಡೆಯುವವರು ಯಾರು? ಒಬ್ಬರ ಸೈಕಲ್ ದಾರಿಯಲ್ಲಿ ಪೂರ್ತಿ ಕೆಟ್ಟರೆ ಉಳಿದವರು ಕಾಯುವುದೋ, ಅವರೊಡನೆ ಒಬ್ಬರು ಬಸ್ಸು ಹತ್ತುವುದೋ? ಈ ಕೊನೆಯ ಪ್ರಶ್ನೆಯನ್ನು ಮನೆಯಲ್ಲಿ ತೀರ್ಮಾನಿಸದೆ ಹೆದ್ದಾರಿಯ ಬದಿಯಲ್ಲಿ ತೀರ್ಮಾನಿಸಹೊರಟರೆ ಸ್ನೇಹ ಕೆಡುತ್ತದೆ. ನಾವು ಇಟ್ಟುಕೊಂಡ ನಿಯಮ ಸರಳ: ಎರಡು ಗಂಟೆಯೊಳಗೆ ಸರಿಯಾಗದಿದ್ದರೆ ಕೆಟ್ಟ ಸೈಕಲ್ಲಿನವರು ಮತ್ತು ಇನ್ನೊಬ್ಬರು ಸರಕು ಆಟೊ ಹಿಡಿದು ರಾತ್ರಿಯ ಠಾವಿಗೆ ಬರುತ್ತಾರೆ. ಬಾಡಿಗೆ ಎಲ್ಲರ ಖರ್ಚಿನದು.

ಕೆಲಸಗಳನ್ನು ಹೆಸರು ಹಿಡಿದು ಹಂಚಿ. ದಾರಿ ನೋಡುವವರು ಒಬ್ಬರು, ರಿಪೇರಿಯವರು ಒಬ್ಬರು, ಔಷಧಿ ಪೆಟ್ಟಿಗೆ ಒಬ್ಬರದು, ದುಡ್ಡಿನ ಲೆಕ್ಕ ಒಬ್ಬರದು. ಎಲ್ಲರಿಂದ ಸಮನಾಗಿ ಮುಂಗಡ ಪಡೆದು ಒಂದೇ ಕೈಯಿಂದ ಖರ್ಚು ಮಾಡಿಸಿದರೆ ಪ್ರತಿ ಚಹಾಕ್ಕೂ ಲೆಕ್ಕ ಹಾಕುವ ಗೋಳು ತಪ್ಪುತ್ತದೆ. ಮೊಬೈಲ್ ಪಾವತಿ ಬಹುತೇಕ ಕಡೆ ನಡೆಯುತ್ತದೆ, ಆದರೂ ತಾರಿ ದೋಣಿಗೆ, ಎಳನೀರಿನವರಿಗೆ ಹತ್ತು, ಇಪ್ಪತ್ತರ ನೋಟುಗಳಿರಲಿ. ಪ್ರತಿಯೊಬ್ಬರ ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ, ಅಲರ್ಜಿ ಇದ್ದರೆ ಅದು, ಇಷ್ಟನ್ನು ಕಾಗದದಲ್ಲಿ ಬರೆದು ಸೀಟಿನ ಕೆಳಗಿನ ಚೀಲದಲ್ಲಿಡಿ. ಬೀಗ ಹಾಕಿದ ಮೊಬೈಲಿನೊಳಗಿನ ಮಾಹಿತಿ ಪ್ರಜ್ಞೆ ತಪ್ಪಿದವನ ಉಪಯೋಗಕ್ಕೆ ಬಾರದು.

ಸೈಕಲ್

ದುಬಾರಿ ಸೈಕಲ್ ಬೇಕಿಲ್ಲ. ಗೇರಿನ ಸಾಧಾರಣ ಹೈಬ್ರಿಡ್ ಸೈಕಲ್ (ರೇಸಿಂಗ್ ಸೈಕಲ್ಲಿಗೂ ಗುಡ್ಡ ಹತ್ತುವ ಸೈಕಲ್ಲಿಗೂ ನಡುವಿನದು), 32ರಿಂದ 40 ಮಿಲಿಮೀಟರ್ ಅಗಲದ ಟೈರು, ಹಿಂದಿನ ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ಬೋಲ್ಟಿನ ತೂತು, ಇವಿಷ್ಟು ಸಾಕು. ತೆಳು ಟೈರಿನ ರೇಸಿಂಗ್ ಸೈಕಲ್ ತರುತ್ತೇನೆ ಎನ್ನುವವರಿಗೆ ಮೊದಲೇ ಬೇಡವೆನ್ನಿ.

ಸೀಟಿನ ಎತ್ತರ ನೋಡಲು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ತೀರ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ದಾರಿಯಲ್ಲಿ ಕಾಣಿಸುವ ಮೊಣಕಾಲು ನೋವಿನಲ್ಲಿ ಎಷ್ಟೋ ಪಾಲು ಸೀಟು ತಗ್ಗಾಗಿದ್ದರಿಂದ ಬರುತ್ತದೆ. ಹೊರಡುವ ಹದಿನೈದು ದಿನ ಮುಂಚೆ ಬ್ರೇಕ್ ರಬ್ಬರ್, ಕೇಬಲ್, ಚೈನು ಬದಲಿಸುವುದಿದ್ದರೆ ಬದಲಿಸಿ. ಹಿಂದಿನ ದಿನ ಬದಲಿಸಬೇಡಿ. ಹೊಸ ಕೇಬಲ್ ಎಳೆದುಕೊಂಡು ಸಡಿಲವಾಗುತ್ತದೆ, ಅದು ಒಗ್ಗಲು ನೂರು ಕಿಲೋಮೀಟರ್ ಬೇಕು. ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಸಡಿಲ ಸಿಕ್ಕರೆ ರಿಮ್ ಬೆಂಡು ತೆಗೆಸಿ. ಭಾರ ಹೊತ್ತಾಗ ಮೊದಲು ಮುರಿಯುವುದು ಹಿಂದಿನ ಚಕ್ರದ ಕಡ್ಡಿಯೇ.

ವಾಲ್ವಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಈಗಿನ ಎಷ್ಟೋ ಸೈಕಲ್‌ಗಳಿಗೆ ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವ್ ಬರುತ್ತದೆ. ಊರಿನ ಪಂಕ್ಚರ್ ಅಂಗಡಿಯ ಗಾಳಿ ಯಂತ್ರ ಕೂರುವುದು ಬೈಕು, ಕಾರುಗಳ ದಪ್ಪ ವಾಲ್ವಿಗೆ. ನಡುವೆ ಸಿಕ್ಕಿಸುವ ಹಿತ್ತಾಳೆಯ ಅಡಾಪ್ಟರ್ ಕಡಲೆಬೀಜದಷ್ಟು ಚಿಕ್ಕದು, ಬೆಲೆಯೂ ಅಲ್ಪ. ತಂಡಕ್ಕೆ ಎರಡಿರಲಿ. ಸಾಧ್ಯವಿದ್ದರೆ ಎಲ್ಲರೂ ಒಂದೇ ಅಳತೆಯ ಚಕ್ರದ ಸೈಕಲ್ ತಂದರೆ ಇನ್ನೂ ಒಳ್ಳೆಯದು. ಆಗ ತಲಾ ಎರಡು ಟ್ಯೂಬು ಹೊರುವ ಬದಲು ತಂಡಕ್ಕೆ ಆರು ಸಾಕು.

ರಿಪೇರಿ ಚೀಲ ತಂಡಕ್ಕೆ ಒಂದೇ: ಎರಡು ಪಂಪು, ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ, ಟೈರು ತೆಗೆಯುವ ಸನ್ನೆಗಳು, ಅಲೆನ್ ಕೀಗಳ ಗೊಂಚಲು (4, 5, 6 ಮಿಲಿಮೀಟರ್ ಇದ್ದೇ ಇರಬೇಕು), 15ರ ಪಾನಾ, ಚೈನು ಬಿಚ್ಚುವ ಸಲಕರಣೆ, ಚೈನಿನ ಎರಡು ಜೋಡಣೆ ಕೊಂಡಿ, ಬ್ರೇಕ್ ಮತ್ತು ಗೇರ್ ಕೇಬಲ್ ಒಂದೊಂದು, ಕ್ಯಾರಿಯರ್ ಬೋಲ್ಟು ನಾಲ್ಕು, ಪ್ಲಾಸ್ಟಿಕ್ ಕಟ್ಟುಪಟ್ಟಿ ಹತ್ತು, ಸಣ್ಣ ಎಣ್ಣೆ ಬಾಟಲಿ, ಒಂದು ಹಳೆಯ ಬನಿಯನ್ನು. ಸೊಲ್ಯೂಷನ್ ಟ್ಯೂಬು ಒಮ್ಮೆ ಒಡೆದರೆ ಒಂದೆರಡು ತಿಂಗಳಲ್ಲಿ ಒಣಗಿಹೋಗುತ್ತದೆ, ಹೊಸದನ್ನೇ ಒಯ್ಯಿರಿ. ಕ್ಯಾರಿಯರ್ ಬೋಲ್ಟನ್ನು ಒತ್ತಿ ಹೇಳಲು ಕಾರಣವಿದೆ. ಹೊನ್ನಾವರ ದಾಟುತ್ತಿದ್ದಾಗ ನನ್ನದೇ ಕ್ಯಾರಿಯರಿನ ಒಂದು ಬೋಲ್ಟು ಕಳಚಿ ಬಿತ್ತು. ಮುಂದಿನ ಊರಿನ ತನಕ ಡೇರೆಯ ಹಗ್ಗದಿಂದ ಕಟ್ಟಿಕೊಂಡು ತೆವಳಿದೆ. ಅಂದಿನಿಂದ ಪ್ರತಿ ಸಂಜೆ ಎಲ್ಲ ಬೋಲ್ಟುಗಳನ್ನೂ ಒಂದು ಸುತ್ತು ಮುಟ್ಟಿ ನೋಡುತ್ತೇನೆ.

ತೂಕ

ನೀರು ಬಿಟ್ಟು ತಲಾ ಹತ್ತರಿಂದ ಹನ್ನೆರಡು ಕಿಲೋ. ಇದಕ್ಕಿಂತ ಹೆಚ್ಚಾದರೆ ಏನೋ ಬೇಡದ್ದು ಸೇರಿಕೊಂಡಿದೆ ಎಂದೇ ಅರ್ಥ. ಭಾರವನ್ನು ಬೆನ್ನಿಗೆ ಹಾಕಿಕೊಳ್ಳಬೇಡಿ. ಮೊದಲ ಗಂಟೆ ಗೊತ್ತಾಗುವುದಿಲ್ಲ, ಮೂರನೆಯ ಗಂಟೆಗೆ ಕುತ್ತಿಗೆ, ಭುಜ, ಕುಂಡೆ ಮೂರೂ ದೂರು ಹೇಳುತ್ತವೆ. ಕ್ಯಾರಿಯರಿನ ಎರಡೂ ಬದಿಗೆ ತೂಗುವ ಪ್ಯಾನಿಯರ್ ಚೀಲಗಳೇ ಸರಿ. ಭಾರದ ವಸ್ತು ತಳದಲ್ಲಿ, ಸೀಟಿನ ಕಡೆಗೆ ಇರಲಿ, ಎಡಬಲ ಸಮತೂಕವಾಗಿರಲಿ. ಜಲನಿರೋಧಕ ಎಂದು ಬರೆದಿದ್ದರೂ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ.

ಕರಾವಳಿಯ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನದು. ಸ್ಲೀಪಿಂಗ್ ಬ್ಯಾಗ್ ಬೇಡ, ಒಂದು ಹತ್ತಿಯ ದುಪ್ಪಟಿ, ಒಂದು ಚಾಪೆ ಸಾಕು. ಸೊಳ್ಳೆಯನ್ನು ಮಾತ್ರ ಹಗುರವಾಗಿ ಎಣಿಸಬೇಡಿ, ಒಳಪದರ ಜಾಲರಿಯದಾಗಿರುವ ಡೇರೆಯನ್ನೇ ಕೊಳ್ಳಿ. ಇಬ್ಬರ ಡೇರೆ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಬ್ಬರು ಬಟ್ಟೆ, ಇನ್ನೊಬ್ಬರು ಕೋಲು, ಗೂಟ ಹೊರಲಿ. ಸವಾರಿಗೆ ಎರಡು ಜತೆ ಬಟ್ಟೆ, ಮಲಗಲು ಒಂದು ಲುಂಗಿ ಅಥವಾ ಪೈಜಾಮ. ದಿನವೂ ಒಗೆದು ಚೀಲದ ಮೇಲೆ ಒಣಹಾಕಿಕೊಂಡೇ ಸಾಗಬಹುದು.

ರಾತ್ರಿ ಎಲ್ಲಿ?

ಸಿದ್ಧತೆಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ‘ಎಲ್ಲೋ ಒಂದು ಕಡೆ ಕಡಲತೀರದಲ್ಲಿ’ ಎಂದು ಹೊರಡುವುದು ಚಿತ್ರಗಳಲ್ಲಿ ಚೆನ್ನಾಗಿರುತ್ತದೆ. ನಾಲ್ಕು ರಾತ್ರಿಯ ನಾಲ್ಕು ಜಾಗವನ್ನೂ ಮೊದಲೇ ಫೋನಿನಲ್ಲಿ ಮಾತಾಡಿ, ಪ್ರತಿಯೊಂದಕ್ಕೂ ಒಂದು ಬದಲಿ ಜಾಗವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಗೋಕರ್ಣದಂಥ ಕಡೆ ಹಿತ್ತಲಿನಲ್ಲಿ ಡೇರೆ ಹಾಕಲು ಬಿಡುವ ಹೋಂಸ್ಟೇಗಳು ಸಿಗುತ್ತವೆ. ಸಣ್ಣ ಊರುಗಳಲ್ಲಿ ದೇವಸ್ಥಾನದ ಆವರಣ, ಶಾಲೆಯ ಜಗಲಿ ಒದಗುವುದುಂಟು. ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನು, ದೇವಸ್ಥಾನವಾದರೆ ಆಡಳಿತ ಮಂಡಳಿಯವರನ್ನು, ಪಂಚಾಯಿತಿ ಜಾಗವಾದರೆ ಅಭಿವೃದ್ಧಿ ಅಧಿಕಾರಿಯನ್ನು ಕೇಳಬೇಕು. ಬೆಳಕಿರುವಾಗಲೇ ಹೋಗಿ, ಹೆಲ್ಮೆಟ್ ತೆಗೆದು, ಎಲ್ಲಿಂದ ಬಂದವರು, ಎಷ್ಟು ಜನ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ನೀವಾಗಿಯೇ ಹೇಳಿ. ಒಪ್ಪಿಗೆ ಸಿಕ್ಕ ಮೇಲೆ ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ. ರಾತ್ರಿ ಗಸ್ತಿನವರು ಬಂದು ಎಬ್ಬಿಸುವುದು ತಪ್ಪುತ್ತದೆ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ. ಜನರಿಲ್ಲ ಎಂದ ಮಾತ್ರಕ್ಕೆ ಅದು ಬಯಲಲ್ಲ.

ಕರಾವಳಿಯಲ್ಲಿ ಡೇರೆ ಹಾಕುವಾಗ ಮೊದಲು ತಲೆಯೆತ್ತಿ ನೋಡಿ. ತೆಂಗಿನ ಮರದ ಕೆಳಗೆ ಎಂದೂ ಬೇಡ. ಕಾಯಿ ಬಿದ್ದರೂ ಅಷ್ಟೇ, ಒಣ ಮಡಲು ಬಿದ್ದರೂ ಅಷ್ಟೇ. ಆಮೇಲೆ ನೆಲ ನೋಡಿ. ಮರಳಿನ ಮೇಲೆ ಕಸಕಡ್ಡಿ, ಚಿಪ್ಪುಗಳ ಸಾಲು ಎಲ್ಲಿದೆಯೋ ಅಲ್ಲಿಯವರೆಗೆ ಭರತದ ನೀರು ಬಂದು ಹೋಗಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅದನ್ನೂ ಮೀರಿ ಬರಬಹುದು. ಅಲ್ಲಿಂದ ಸಾಕಷ್ಟು ಮೇಲೆ, ಗಟ್ಟಿ ನೆಲ ಹುಡುಕಿ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಹಗ್ಗದ ತುದಿಯನ್ನು ಮರಳು ತುಂಬಿದ ಚೀಲಕ್ಕೋ ಅಡ್ಡ ಕೋಲಿಗೋ ಕಟ್ಟಿ ಒಂದು ಮೊಳ ಆಳಕ್ಕೆ ಹೂತರೆ ಅಲುಗುವುದಿಲ್ಲ.

ಈ ತೀರಗಳಲ್ಲಿ, ಅದರಲ್ಲೂ ಹೊನ್ನಾವರದ ಕಾಸರಕೋಡು ಟೊಂಕದ ಕಡೆ, ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು ಅವುಗಳ ದಾರಿ ತಪ್ಪಿಸುತ್ತದೆ. ಹಾಗಾಗಿ ಮರಳಿನ ಮೇಲೆ ಬೆಂಕಿ, ಟಾರ್ಚು ಎರಡೂ ಬೇಡ. ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಸಿಕ್ಕಿತು. ಶೌಚಾಲಯ, ಸ್ನಾನದ ಅನುಕೂಲಕ್ಕಾಗಿ ಅವನ್ನು ಹಗಲಿನ ತಂಗುದಾಣವಾಗಿ ಇಟ್ಟುಕೊಳ್ಳಬಹುದು, ರಾತ್ರಿಗಲ್ಲ.

ಮಲಗುವಾಗ ಶೂ ಡೇರೆಯೊಳಗಿರಲಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ತಿಂಡಿ ಹೊರಗಿಟ್ಟರೆ ನಾಯಿಗಳ ಪಾಲು. ಸೈಕಲ್‌ಗಳನ್ನು ಎರಡು ಗುಂಪಾಗಿ ಒಂದಕ್ಕೊಂದು ಬೀಗ ಹಾಕಿ ಡೇರೆಗೆ ಆನಿಸಿಡಿ. ಬೆಳಗಿನ ವಿಧಿಗೆ ಹೆದ್ದಾರಿಯ ಪೆಟ್ರೋಲ್ ಬಂಕ್ ಅಥವಾ ಹೋಟೆಲೇ ಉತ್ತಮ, ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಈ ಲೆಕ್ಕವನ್ನು ದಾರಿಯ ನಕ್ಷೆಯಲ್ಲೇ ಸೇರಿಸಿ. ಅನಿವಾರ್ಯವಾದರೆ ನೀರಿನಿಂದ ಅರವತ್ತು ಮೀಟರ್ ದೂರದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು. ಅದಕ್ಕೆ ಒಂದು ಸಣ್ಣ ಕರಣೆ ಇರಲಿ.

ಊಟ, ನೀರು

ಒಲೆ ಒಯ್ಯಬೇಕೇ ಎಂದು ನಮ್ಮಲ್ಲಿ ಪ್ರತಿ ಸಲವೂ ವಾದ ನಡೆಯುತ್ತದೆ. ನನ್ನ ಮತ ಬೇಡವೆಂದೇ. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಸ್ಪಿರಿಟ್ ಯಾವುದನ್ನೂ ರೈಲಿನಲ್ಲಿ ಒಯ್ಯುವಂತಿಲ್ಲ. ರೈಲ್ವೆ ಕಾಯಿದೆಯ 164ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಅಲ್ಲದೆ ಬನ್ಸ್, ನೀರುದೋಸೆ, ಕುಚ್ಚಲಕ್ಕಿ ಊಟ ಸಿಗುವ ದಾರಿಯಲ್ಲಿ ನೂಡಲ್ಸ್ ಬೇಯಿಸಿಕೊಂಡು ಕೂರುವುದು ಯಾಕೆ? ಸ್ವಾವಲಂಬನೆಗೆ ಅವಲಕ್ಕಿ ಸಾಕು. ತಲಾ ಅರ್ಧ ಕಿಲೋ ತೆಳು ಅವಲಕ್ಕಿ, ಮನೆಯಲ್ಲೇ ಬೆರೆಸಿಟ್ಟ ಬೆಲ್ಲ, ಕೊಬ್ಬರಿ, ಏಲಕ್ಕಿಯ ಪುಡಿ, ಖಾರಕ್ಕೆ ಒಂದು ಡಬ್ಬಿ ಪುಳಿಯೋಗರೆ ಗೊಜ್ಜು. ಹೋಟೆಲ್ ಬೇಗ ಮುಚ್ಚಿದ ರಾತ್ರಿ, ಹೋಟೆಲ್ ತೆರೆಯುವ ಮುಂಚಿನ ಬೆಳಗು, ಎರಡಕ್ಕೂ ಇದೇ ಆಗುತ್ತದೆ. ಹುರಿಗಡಲೆ, ಕಡಲೆ ಚಿಕ್ಕಿ, ಬಾಳೆಹಣ್ಣು ಜೇಬಿನಲ್ಲಿರಲಿ. ಹಸಿವಾಗುವ ಮುಂಚೆಯೇ ತಿನ್ನಿ. ಹಸಿದ ಸವಾರನ ಕಾಲಿಗಿಂತ ಮೊದಲು ಮಾತು ಕೆಡುತ್ತದೆ.

ಸೈಕಲ್ಲಿನ ಮೇಲೆ ತಲಾ ಎರಡು ಲೀಟರ್ ನೀರು ಸದಾ ಇರಬೇಕು, ದಿನಕ್ಕೆ ನಾಲ್ಕೈದು ಲೀಟರ್ ಕುಡಿಯಬೇಕು. ಕರಾವಳಿಯ ಬೆವರು ಆರುವುದಿಲ್ಲ, ಇಳಿಯುತ್ತಲೇ ಇರುತ್ತದೆ. ಬರೀ ನೀರು ಸಾಲದು, ಉಪ್ಪೂ ಹೋಗಬೇಕು. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮುರುಗಲು ಹಣ್ಣಿನ ಪಾನಕಕ್ಕೆ ಉಪ್ಪು ಹಾಕಿಸಿ ಕುಡಿದರೂ ಹಿತ.

ತಾಲೀಮು ರಾತ್ರಿ

ಹೊರಡುವ ಮೂರು ವಾರ ಮುಂಚೆ ಒಂದು ಶನಿವಾರ, ಎಲ್ಲರೂ ಪೂರ್ತಿ ಸಾಮಾನಿನೊಂದಿಗೆ, ಊರಿನಿಂದ ನಲವತ್ತು ಕಿಲೋಮೀಟರ್ ಹೋಗಿ ಯಾರದಾದರೂ ತೋಟದಲ್ಲಿ ಡೇರೆ ಹಾಕಿ ಮಲಗಿ ಮರುದಿನ ಮರಳಿ ಬನ್ನಿ. ಇದನ್ನು ಬಿಟ್ಟು ಬೇರೆಲ್ಲ ಮಾಡಿದರೂ ಪ್ರಯೋಜನವಿಲ್ಲ ಎನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ. ಡೇರೆಯನ್ನು ಕತ್ತಲಲ್ಲಿ ಹಾಕಲು ಬರುತ್ತದೆಯೇ, ಚೀಲ ಹಿಮ್ಮಡಿಗೆ ತಾಗುತ್ತದೆಯೇ, ಯಾರು ಬೆಳಿಗ್ಗೆ ಏಳುವುದಿಲ್ಲ, ಎಲ್ಲವೂ ಒಂದೇ ರಾತ್ರಿಯಲ್ಲಿ ಬಯಲಾಗುತ್ತದೆ. ಪ್ರತಿಯೊಬ್ಬರೂ ಹಿಂದಿನ ಚಕ್ರವನ್ನು ಬಿಚ್ಚಿ, ಟ್ಯೂಬು ಬದಲಿಸಿ, ಮತ್ತೆ ಕೂರಿಸಿ ತೋರಿಸಬೇಕು. ರಿಪೇರಿಯವರು ಕೈಕಟ್ಟಿ ನಿಂತು ನೋಡಲಿ. ಪಂಕ್ಚರ್ ಮಾಡಿದ ಮುಳ್ಳು ಟೈರಿನೊಳಗೇ ಉಳಿದಿರುತ್ತದೆ, ಒಳಮೈಯನ್ನು ಬಟ್ಟೆಯಿಂದ ಒರೆಸಿದರೆ ಅದು ಎಳೆ ಹಿಡಿದು ತಾನಾಗಿ ಸಿಕ್ಕಿಬೀಳುತ್ತದೆ. ಇದನ್ನು ತಾಲೀಮಿನಲ್ಲಿ ಕಲಿಯದವರು ಹೆದ್ದಾರಿಯಲ್ಲಿ ಹತ್ತು ನಿಮಿಷಕ್ಕೆ ಎರಡನೇ ಟ್ಯೂಬು ಕಳೆದುಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ಚೀಲ ಸುರುವಿ. ಮುಟ್ಟದೆ ಉಳಿದದ್ದರಲ್ಲಿ ಔಷಧಿ, ರಿಪೇರಿ ಸಾಮಾನು, ಮಳೆಯಂಗಿ ಬಿಟ್ಟು ಉಳಿದದ್ದು ಮನೆಯಲ್ಲೇ ಇರಲಿ. ಚಾಕು ಯಾರ ಚೀಲದಲ್ಲಿದೆ ಎಂದು ಕೂಗಿ ಕೇಳಿ.

ರೈಲಿಗೆ ಹಾಕುವುದು

ಸೈಕಲ್‌ಗಳನ್ನು ಲಗೇಜ್ ಆಗಿ ಬುಕ್ ಮಾಡಿ ಅದೇ ರೈಲಿನಲ್ಲಿ ಸಾಗಿಸಬಹುದು. ಪಾರ್ಸೆಲ್ ಕಚೇರಿಗೆ ರೈಲು ಹೊರಡುವ ಕೆಲವು ಗಂಟೆ ಮುಂಚೆಯೇ ಹೋಗಿ, ಟಿಕೆಟ್, ಗುರುತಿನ ಚೀಟಿ ಎರಡೂ ಜತೆಗಿರಲಿ. ಪಂಪು, ದೀಪ, ಬಾಟಲಿ ಕಳಚಿಡಿ, ಫ್ರೇಮಿಗೆ ರಟ್ಟು ಸುತ್ತಿ, ಹೆಸರು, ಇಳಿಯುವ ನಿಲ್ದಾಣವನ್ನು ದೊಡ್ಡದಾಗಿ ಬರೆದು ಕಟ್ಟಿ. ಪೆಡಲ್ ಬಿಚ್ಚುವಾಗ ನೆನಪಿರಲಿ, ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಬಿಗಿಯಾಗಿದೆ ಎಂದು ಸಾಮಾನ್ಯ ದಿಕ್ಕಿನಲ್ಲಿ ಬಲವಂತ ಮಾಡಿದರೆ ಇನ್ನೂ ಬಿಗಿಯಾಗುತ್ತದೆ. ಕಾರವಾರದ ರೈಲು ನಿಲ್ದಾಣ ಊರಿನಿಂದ ದೂರ, ಶಿರವಾಡದಲ್ಲಿದೆ. ಅಲ್ಲಿ ಸೈಕಲ್ ಜೋಡಿಸಿ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಗಬಹುದು, ಅಂದು ಕಾರವಾರದಲ್ಲೇ ತಂಗಿ.

ದಾರಿಯ ನಡಾವಳಿ

ಹೆದ್ದಾರಿಯಲ್ಲಿ ಒಂದೇ ಸಾಲು, ನಡುವೆ ಎರಡು ಸೈಕಲ್ ಉದ್ದದ ಅಂತರ. ಮುಂದೆ ದಾರಿ ಬಲ್ಲವರು, ಕೊನೆಯಲ್ಲಿ ರಿಪೇರಿಯವರು. ಎಲ್ಲರಿಗಿಂತ ನಿಧಾನದವರನ್ನು ಕೊನೆಗೆ ಹಾಕಬೇಡಿ, ಎರಡನೆಯ ಸ್ಥಾನದಲ್ಲಿರಿಸಿ. ಆಗ ತಂಡ ತಾನಾಗಿ ಅವರ ವೇಗಕ್ಕೆ ಒಗ್ಗುತ್ತದೆ. ಪ್ರತಿ ತಿರುವಿನಲ್ಲಿ ನಿಮ್ಮ ಹಿಂದಿನವರು ಕಣ್ಣಿಗೆ ಬೀಳುವ ತನಕ ನೀವು ಕಾಯಬೇಕು. ಎಲ್ಲರೂ ಇದೊಂದನ್ನು ಪಾಲಿಸಿದರೆ ಯಾರೂ ಕಳೆದುಹೋಗುವುದಿಲ್ಲ. ಬಿಣಗಾ ಬಳಿಯ ಸುರಂಗಕ್ಕೆ ಮುನ್ನ ನಿಂತು ಹಿಂದಿನ ಕೆಂಪು ದೀಪ ಹಚ್ಚಿಕೊಳ್ಳಿ. ನಾಯಿ ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳಲು ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಅದನ್ನು ನಾಯಿಗೂ ನಿಮಗೂ ನಡುವೆ ಹಿಡಿದು ನಿಲ್ಲಿ. ಆಪತ್ತಿಗೆ 112, ಆಂಬುಲೆನ್ಸಿಗೆ 108.

ತದಡಿಯಲ್ಲಿ ತಾರಿ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಹಿಂದಿನ ಸಂಜೆಯೇ ಗೋಕರ್ಣದಲ್ಲಿ ವಿಚಾರಿಸಿ. ಸೈಕಲ್ ಹತ್ತಿಸುವ ಮೊದಲು ಚೀಲ ಕಳಚಿದರೆ ದೋಣಿಯವರ ಮುಖ ಅರಳುತ್ತದೆ. ನಾಲ್ಕನೆಯ ದಿನ ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ಬಾರ್ಜ್‌ನಲ್ಲಿ ದಾಟಿದರೆ ಹೆದ್ದಾರಿಯ ಒಂದಷ್ಟು ಗದ್ದಲ ತಪ್ಪುತ್ತದೆ, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು ಇಟ್ಟುಕೊಂಡು ಮಲ್ಪೆಯ ಕಡೆ ಸಾಗಬಹುದು.

ಪ್ರತಿ ಸಂಜೆ ಮರಳು, ಉಪ್ಪು ಹತ್ತಿದ ಚೈನನ್ನು ಬನಿಯನ್ ಚೂರಿನಿಂದ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮೇಲಿನದನ್ನು ಮತ್ತೆ ಒರೆಸಿ. ಎಣ್ಣೆ ಚೆಲ್ಲಿಹೋದರೆ ಹೊಲಿಗೆ ಯಂತ್ರದ ಎಣ್ಣೆ ಎಲ್ಲ ಊರಿನಲ್ಲೂ ಸಿಗುತ್ತದೆ, ತೆಳುವಾದರೂ ಒಂದೆರಡು ದಿನಕ್ಕೆ ನಡೆಯುತ್ತದೆ. ಇಬ್ಬನಿಗೆ ಒದ್ದೆಯಾದ ಡೇರೆಯನ್ನು ಬೆಳಿಗ್ಗೆ ಹಾಗೆಯೇ ಮಡಿಸಿ, ಮಧ್ಯಾಹ್ನ ಊಟಕ್ಕೆ ನಿಂತಾಗ ಬಿಸಿಲಿಗೆ ಹರಡಿ. ಮಂಗಳೂರು ಮುಟ್ಟಿದ ಕೊನೆಯ ದಿನ ಮಾತ್ರ ಇದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಮೂರು ಡೇರೆಗಳಲ್ಲಿ ಒಂದರ ತಳ ಇಂದಿಗೂ ಬೂಷ್ಟಿನ ಕಪ್ಪು ಚುಕ್ಕೆ ಹೊತ್ತುಕೊಂಡಿದೆ.